ಬಸವಣ್ಣನ ಹೊದಿಕೆ ಹಾಕಿದ ಪುಸ್ತಕ

ತಿಪ್ಪೇರುದ್ರಪ್ಪನವರ ಕೊರಳಿಗೆ ಹಾರ ಹಾಕಲು ಬಾಗಿದ ಉಮಾಪತಿ ಅರ್ಧಕ್ಕೇ ನಿಂತುಬಿಟ್ಟರು. ಗೋಡೆಗೆ ಒರಗಿಸಿ ಕೂರಿಸಿದ್ದ ಗೆಳೆಯನ ಮಡಿಲಿನಲ್ಲಿ, ಚೆಂಡುಹೂವಿನ ರಾಶಿಯ ನಡುವೆ, ಒಂದು ಪುಸ್ತಕವಿತ್ತು. ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ. ಹೊದಿಕೆಯ ಮೇಲೆ ಕುರುಗೋಡಿನ ದೊಡ್ಡ ಬಸವಣ್ಣ. ಯಾರೋ ಅದಕ್ಕೆ ಮೂರು ಬೆರಳಿನ ವಿಭೂತಿ ಬಳಿದು, ಮೇಲೊಂದು ಬಿಲ್ವಪತ್ರೆಯನ್ನೂ ಇಟ್ಟಿದ್ದರು.

ಪುಟಗಳ ಸಂದಿನಿಂದ ಒಣಗಿದ ಭತ್ತದ ತೆನೆಯೊಂದು ಇಣುಕುತ್ತಿತ್ತು. ಅದನ್ನು ಕಂಡ ಮೇಲೆ ಉಮಾಪತಿಯವರಿಗೆ ಅನುಮಾನ ಉಳಿಯಲಿಲ್ಲ. ಎಲ್ಲಿಯವರೆಗೆ ಓದಿದೆ ಎಂಬ ಗುರುತಿಗೆ ತೆನೆ ಇಡುತ್ತಿದ್ದ ಮನುಷ್ಯ ಇಡೀ ಸಿರುಗುಪ್ಪದಲ್ಲಿ ಒಬ್ಬರೇ. ಅದು ತಾವೇ ಓದಲು ಕೊಟ್ಟ ಪುಸ್ತಕ. ಶರಣರ ವಚನವೂ ಅಲ್ಲ, ಪುರಾಣವೂ ಅಲ್ಲ. ಹಡಗಿನ ಅಡುಗೆಯವನೊಬ್ಬನ ಪ್ರೇಮದ ಕಾದಂಬರಿ.

"ಹಾಕ್ರಿ ಮೇಷ್ಟ್ರ, ಹಿಂದ ಮಂದಿ ನಿಂತಾರ," ಎಂದ ಮಾರೇಶ್. ತಿಪ್ಪೇರುದ್ರಪ್ಪನವರ ಅಣ್ಣನ ಮಗ ಅವನು. ಮಕ್ಕಳಿಲ್ಲದ ಮನೆಯಲ್ಲಿ ಇಂದಿನ ಓಡಾಟವೆಲ್ಲ ಅವನದೇ.

ಉಮಾಪತಿ ಹಾರ ಹಾಕಿದರು. "ಮಡಿಲಾಗ ಪುಸ್ತಕ ಯಾರು ಇಟ್ಟಿದ್ದಪ್ಪಾ?"

"ನಾನ ಇಟ್ಟೀನ್ರಿ. ನಿನ್ನಿ ಸಂಜಿಮುಂದ ಕುರ್ಚ್ಯಾಗ ಕುಂತಾಂಗ ಜೀವ ಹೋಗಿತ್ತಲ್ರಿ, ಎದಿ ಮ್ಯಾಲ ಇದ ಇತ್ತು. ಬಸವಣ್ಣನ್ನ ಅಪ್ಕೊಂಡು ಹೋಗ್ಯಾರ ನೋಡ್ರಿ ನಮ್ಮ ಕಾಕಾ. ಜೋಡೀನ ಹೋಗಲಿ, ಮಣ್ಣಾಗ ಅವರ ಕೂಡ ಇಡೂಣಂತ."

ಪಕ್ಕದಲ್ಲಿ ನಿಂತಿದ್ದ ಪಕ್ಕೀರಪ್ಪ ಮೂಗು ಒರೆಸಿಕೊಂಡ. ಅಕ್ಕಿ ಗಿರಣಿಯಲ್ಲಿ ತಿಪ್ಪೇರುದ್ರಪ್ಪನವರ ಎದುರು ಮೇಜಿನಲ್ಲಿ ಕೂತು ಆಯುಷ್ಯ ಕಳೆದವನು. "ಪುಣ್ಯವಂತ ಬಿಡ್ರಿ. ದಿನಾ ನನ್ನ ಎಲಿಅಡಿಕಿ ತಿಂದು ನನ್ನನ್ನ ಬೈತಿದ್ದ. ಒಳಗ ಇಂಥಾ ಶರಣ ಅದಾನಂತ ನನಗ ಹೆಂಗ ಗೊತ್ತಾಗಬೇಕು?"

ಉಮಾಪತಿ ಅಂಗಳಕ್ಕೆ ಇಳಿದರು. ಬೇವಿನ ನೆರಳಲ್ಲಿ ಲಕ್ಷ್ಮೀಬಾಯಿ ಕೂತಿದ್ದರು. ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಮೊದಲ ಬಸ್ಸು ಹಿಡಿದು ಬಂದವರು. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಕನ್ನಡಕದ ಮೇಲಿಂದ ಅವರು ಉಮಾಪತಿಯವರನ್ನು ನೋಡಿದರು.

"ಕಂಡ್ರೇನು?"

"ಕಂಡೆ."

"ಆ ಪುಸ್ತಕಕ್ಕ ತಿಪ್ಪೇರುದ್ರಪ್ಪನವರ ನಂತರ ನನ್ನ ಪಾಳಿ ಇತ್ತು."

"ಬಾಯಾರ, ಹೆಣದ ಮುಂದ ಪಾಳಿ ಮಾತಾಡ್ತೀರೇನು?"

"ಪಾಳಿ ಬಿಟ್ಟೆ. ನನಗ ಬ್ಯಾಡೇ ಬ್ಯಾಡ," ಎಂದರು ಲಕ್ಷ್ಮೀಬಾಯಿ. "ಆದರ ಪುಸ್ತಕ ಮಣ್ಣಿಗೆ ಹೋಗ್ಲಿಕ್ಕೆ ಬಿಡಬ್ಯಾಡ್ರಿ. ಪುಸ್ತಕ ಮೂಲ್ಯಾಗ ಕೂತರನ ಆ ಮನಷ್ಯಾಗ ಸೇರ್ತಿದ್ದಿಲ್ಲ. ನಿಮಗ ನೆನಪದನೋ ಇಲ್ಲೋ?"

ನೆನಪಿತ್ತು.

*

ಅದೊಂದು ಭಾನುವಾರ ಲಕ್ಷ್ಮೀಬಾಯಿಯವರ ಮನೆಗೆ ಅಕ್ಕಿ ಮೂಟೆ ಇಳಿಸಲು ಗಿರಣಿಯ ಟೆಂಪೋ ಬಂದಿತ್ತು. ಜೊತೆಗೆ ಬಂದ ಗುಮಾಸ್ತ ತಿಪ್ಪೇರುದ್ರಪ್ಪ ಜಗುಲಿಯ ಮೇಲೆ ಹರಡಿದ್ದ ಪುಸ್ತಕಗಳನ್ನೂ ಸುತ್ತ ಕೂತವರನ್ನೂ ನೋಡಿ ಚಪ್ಪಲಿ ಬಿಟ್ಟರು.

"ಏನ್ರಿ ಇದು, ಪುಸ್ತಕದ ಸಂತಿ ಹಚ್ಚೀರೇನು?"

"ಸಂತಿ ಅಲ್ಲಪ್ಪಾ," ಎಂದಿದ್ದರು ಲಕ್ಷ್ಮೀಬಾಯಿ. "ಈಚೀಚೆಗೆ ಕೊಂಡದ್ದು, ಕಡ ತಂದದ್ದು, ಒಬ್ಬರಿಗೊಬ್ಬರು ತೋರಿಸ್ತೇವಿ. ಬೇಕಾದವರು ಒಯ್ದು ಓದಿ, ಮುಂದಿನ ತಿಂಗಳು ಮತ್ತೊಬ್ಬರ ಕೈಗೆ ಕೊಡಬೇಕು."

"ಚಲೋ ಐತಿ. ಅಕ್ಕಿನೂ ಹಂಗ ನೋಡ್ರಿ. ಮೂಲ್ಯಾಗ ಬಿಟ್ಟರ ಹುಳ ಬೀಳ್ತಾವು. ತಿರಗತಿರಬೇಕು." ಹಾಗೆಂದವರೇ ಒಂದು ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಟೆಂಪೋ ಹತ್ತಿದರು. ಆ ಪುಸ್ತಕ ಮರಳಿ ಬರುವುದೆಂದು ಯಾರೂ ನಂಬಿರಲಿಲ್ಲ. ಬಂದಿತು, ಗಿರಣಿಯ ಕ್ಯಾಲೆಂಡರಿನ ಹಾಳೆಯನ್ನು ಹೊದ್ದು ಬಂದಿತು. ಕೈಯ ಬೆವರು, ತೌಡಿನ ಧೂಳು ಪರರ ಪುಸ್ತಕಕ್ಕೆ ತಗಲಬಾರದೆಂಬ ಸಂಕೋಚ ಅವರದು. ಅಂದಿನಿಂದ ಅವರು ಒಯ್ದ ಪ್ರತಿಯೊಂದು ಪುಸ್ತಕಕ್ಕೂ ಒಬ್ಬ ದೇವರ ರಕ್ಷೆ ದೊರೆಯಿತು. ಪತ್ತೇದಾರಿ ಕತೆಗೆ ಲಕ್ಷ್ಮಿ, ಉಮಾಪತಿಯವರಲ್ಲದೆ ಬೇರಾರೂ ಮುಟ್ಟದ ಹೊಸಗಾಲದ ಕವಿತೆಗಳಿಗೆ ಗಣಪತಿ.

ಕೂಟ ಒಂದು ತಿಂಗಳು ಬಳ್ಳಾರಿಯಲ್ಲಿ, ಒಂದು ತಿಂಗಳು ಉಮಾಪತಿಯವರ ಕುರುಗೋಡಿನಲ್ಲಿ ಸೇರುತ್ತಿತ್ತು. ತಿಪ್ಪೇರುದ್ರಪ್ಪ ಬಸ್ಸು ಹಿಡಿದು ಎರಡಕ್ಕೂ ಬಂದರು. ಒಳ್ಳೆಯ ಓದುಗರೇನಲ್ಲ. ನಿಧಾನ, ಪಾತ್ರಗಳ ಹೆಸರು ಒಂದಕ್ಕೊಂದು ಬೆರೆಸಿಬಿಡುವರು. ಕವಿತೆಯ ಪುಸ್ತಕವನ್ನು ಹಿಂದಿರುಗಿಸುತ್ತ, "ತಿಳೀಲಿಲ್ಲ ಮೇಷ್ಟ್ರ, ಆದರ ಓದಿದ ಮ್ಯಾಲ ಹೊರಗ ಹೋಗಿ ನಿಂತ್ಕೊಂಡೆ," ಎಂದಿದ್ದರು. ಕವಿತೆಯ ಬಗ್ಗೆ ಅಂಥ ಮಾತನ್ನು ಉಮಾಪತಿ ತಮ್ಮ ಮೇಷ್ಟ್ರಗಿರಿಯ ಕಾಲದಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ.

ಕೂಟಕ್ಕೆ ಒಂದೇ ಕಟ್ಟಳೆ: ಕತೆಯ ಕೊನೆಯನ್ನು ಹೇಳಬಾರದು. ಹೇಳಿದವರು ಎಲ್ಲರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಕೊಡಿಸಬೇಕು. ತಿಪ್ಪೇರುದ್ರಪ್ಪನವರಿಗೆ ಅದೊಂದು ಸಾಧ್ಯವಾಗಲೇ ಇಲ್ಲ. ಅವರು ಓದಲು ಹಿಡಿಯುತ್ತಿದ್ದುದೇ ಕೊನೆಯ ಹಾಳೆಯಿಂದ.

"ಯಾರು ಉಳದ್ರು, ಯಾರು ಹೋದ್ರು ಅಂತ ಮೊದಲ ಗೊತ್ತಾಗಿಬಿಟ್ರ ನಡುವ ಅಂಜಿಕಿ ಇರಂಗಿಲ್ರಿ," ಎನ್ನುವರು. ಪುಸ್ತಕವನ್ನು ಮುಂದಿನವರ ಕೈಗೆ ಕೊಡುವಾಗ ತಡೆಯಲಾರದೆ, "ಕಾಳಜಿ ಮಾಡಬ್ಯಾಡ್ರಿ ಬಾಯಾರ, ಹುಡುಗಿ ಕೊನೀಗೆ ಮನಿಗೆ ಬರ್ತಾಳ," ಎಂದುಬಿಡುವರು. ಲಕ್ಷ್ಮೀಬಾಯಿ ಹಣೆ ಚಚ್ಚಿಕೊಳ್ಳುವರು. ಬರಬರುತ್ತ ತಿಪ್ಪೇರುದ್ರಪ್ಪ ದಂಡವನ್ನು ಮೊದಲೇ ತೆತ್ತುಬಿಡುತ್ತಿದ್ದರು; ಬಸ್ಸಿಳಿಯುವಾಗಲೇ ಅವರ ಕೈಯಲ್ಲಿ ಎಣ್ಣೆ ಹೀರಿದ ಪೇಪರಿನ ಮಿರ್ಚಿ ಪೊಟ್ಟಣ. ಅದನ್ನು ಕಂಡೊಡನೆ ಇಂದು ಯಾವುದೋ ಕತೆಯ ಕೊನೆ ಬಯಲಾಗುತ್ತದೆಂದು ಎಲ್ಲರಿಗೂ ತಿಳಿಯುತ್ತಿತ್ತು.

ಹೋದ ತಿಂಗಳು ಉಮಾಪತಿ ತಾವು ಹೊಸದಾಗಿ ಕೊಂಡಿದ್ದ ಹಡಗಿನ ಕಾದಂಬರಿಯನ್ನು ಕೊಡುವಾಗ ಬೇಡಿಕೊಂಡಿದ್ದರು: "ಇದೊಂದು ಸಲ ಕೊನೀ ಹಾಳಿ ಮುಟ್ಟಬ್ಯಾಡ್ರಿ."

ತಿಪ್ಪೇರುದ್ರಪ್ಪ ನಕ್ಕಿದ್ದರು. "ನಾನು ಸಮುದ್ರಾನ ನೋಡಿಲ್ಲ ಮೇಷ್ಟ್ರ. ಹಡಗು ಮುಳಗತೈತೋ ಇಲ್ಲೋ ತಿಳೀದ ಹೆಂಗ ಹತ್ತಲಿ?"

*

ಹೊರಗೆ ಟ್ರ್ಯಾಕ್ಟರ್ ಬಂದು ನಿಂತಿತು. ಹೆಣ ಕೂರಿಸಿ ಒಯ್ಯುವ, ಬಾಳೆಕಂಬ ಕಟ್ಟಿದ ವಿಮಾನವನ್ನು ಟ್ರೇಲರಿನ ಮೇಲೆ ಏರಿಸಿದ್ದರು. ಭಜನೆಯವರ ತಾಳ ಜೋರಾಯಿತು. ಉಮಾಪತಿ ಮತ್ತೆ ಪಡಸಾಲೆಗೆ ಬಂದರು.

ಹೇಗೆ ಹೇಳುವುದು? ಮಾರೇಶನನ್ನು ಪಕ್ಕಕ್ಕೆ ಕರೆದು ಹೇಳಿದರೂ ಮಾತು ಓಣಿಯೆಲ್ಲ ಹರಡುತ್ತದೆ. ಒಂದು ಬೆಳಗಿನ ಮಟ್ಟಿಗೆ ಶರಣನಾಗಿದ್ದ ಗೆಳೆಯ ಸಂಜೆಗೆ ನಗೆಪಾಟಲಾಗುತ್ತಾನೆ. ಹೇಳದಿದ್ದರೆ ಕತೆ ಅರ್ಧಕ್ಕೇ ಮಣ್ಣು ಸೇರುತ್ತದೆ. ಸೇರಲಿ ಎಂದೂ ಅನ್ನಿಸಿತು. ಇನ್ನು ಯಾರು ಬಸ್ಸು ಹಿಡಿದು ಬರುತ್ತಾರೆ? ಕೂಟದಲ್ಲಿ ಕೆಲವರು ಕಣ್ಣು ಕಳೆದುಕೊಂಡಿದ್ದರು, ಕೆಲವರು ಊರು ಬಿಟ್ಟಿದ್ದರು. ಉಳಿದಿದ್ದ ಮೂವರಲ್ಲಿ ಒಬ್ಬರು ಇಂದು ಹೂವಿನೊಳಗೆ ಕೂತಿದ್ದಾರೆ. ಮುಗಿದುಹೋದದ್ದಕ್ಕೆ ಒಂದು ಪುಸ್ತಕವೂ ಜೊತೆಯಾದರೆ ಆಯಿತು.

ಆಗ ಮಠದ ಅಯ್ಯನವರು ಮಡಿಲಿನ ಕಡೆ ಕೈ ತೋರಿದರು. "ಶರಣರ ಪುಸ್ತಕ ಐತಿ. ಅದರಾಗಿಂದ ಒಂದು ವಚನ ಓದಿ ಎತ್ತೂಣು. ಯಾರು ಓದ್ತೀರಿ?"

"ನಮ್ಮ ಮೇಷ್ಟ್ರು ಅದಾರಲ್ರಿ!" ಮಾರೇಶ್ ಉತ್ಸಾಹದಿಂದ ಪುಸ್ತಕವನ್ನೆತ್ತಿ, ಹಣೆಗೊತ್ತಿಕೊಂಡು, ಉಮಾಪತಿಯವರ ಕೈಗಿಟ್ಟ.

ತಾಳ ನಿಂತಿತು. ಬಾಗಿಲಿನವರೆಗೂ ತುಂಬಿದ್ದ ಜನ ಕೈಮುಗಿದರು. ಪುಸ್ತಕ ತೆನೆಯಿದ್ದಲ್ಲಿ ತಾನಾಗಿ ತೆರೆದುಕೊಂಡಿತು. ಉಮಾಪತಿಯವರಿಗೆ ವಚನಗಳೇನು ಕಡಿಮೆ ಬಾಯಿಪಾಠವಿರಲಿಲ್ಲ. ಪುಟವನ್ನು ನೋಡಿದಂತೆ ಮಾಡಿ ಒಂದನ್ನು ಹೇಳಿ ಪುಸ್ತಕ ಮುಚ್ಚಿದರೆ ಎಲ್ಲರಿಗೂ ಸಮಾಧಾನ. ನಾಲಗೆಯ ತುದಿಗೆ ಒಂದು ಬಂದೂ ಬಂತು. ಅಷ್ಟರಲ್ಲಿ ಅವರ ಕಣ್ಣು ಗೆಳೆಯನ ಮುಖದ ಮೇಲೆ ಬಿತ್ತು. ಏನನ್ನೋ ಹೇಳಿಬಿಡಲು ಬಾಯಿ ತುಸುವೇ ತೆರೆದಿದ್ದಂತಿತ್ತು.

"ಅಯ್ಯನವರ," ಎಂದರು ಉಮಾಪತಿ, "ಇದು ವಚನ ಅಲ್ರಿ. ಕತಿ ಪುಸ್ತಕ. ನಾನ ಓದಾಕ ಕೊಟ್ಟಿದ್ದೆ. ಹೊದಿಕಿ ಮಾತ್ರ ಬಸವಣ್ಣಂದು."

ಮಾರೇಶನ ಮುಖ ಕೆಂಪಾಯಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕು ಕೆಮ್ಮಾಗಿಸಿಕೊಂಡರು.

"ಅಡಿಗ್ಯವ ಹಡಗ ಹತ್ತಿದ್ದ," ಎಂದಿತು ಒಳಬಾಗಿಲಿನಿಂದ ಒಂದು ದನಿ. "ಅಲ್ಲಿಗೆ ನಿಂತೈತಿ. ಅಲ್ಲಿಂದ ಓದ್ರಿ ಮೇಷ್ಟ್ರ."

ಚನ್ನವೀರಮ್ಮ. ತಿಪ್ಪೇರುದ್ರಪ್ಪನವರ ಹೆಂಡತಿ. ಇಬ್ಬರು ಹೆಂಗಸರು ಹಿಡಿದುಕೊಂಡಿದ್ದ ತೋಳುಗಳನ್ನು ಬಿಡಿಸಿಕೊಂಡು ಬಂದು ಗಂಡನ ಪಕ್ಕದಲ್ಲಿ ನೆಲಕ್ಕೆ ಕೂತರು. ದಿನವೂ ಕೂರುವ ಜಾಗಕ್ಕೆ ಬಂದವರಂತೆ.

ಉಮಾಪತಿ ಅಯ್ಯನವರ ಕಡೆ ನೋಡಿದರು. ಅಯ್ಯನವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಉಮಾಪತಿ ಓದಿದರು:

"ದಡ ಕಾಣದಾದ ಮೇಲೆ ಅವನು ಒಲೆ ಹಚ್ಚಿದ. ಹಡಗು ತೂಗುತ್ತಿತ್ತು. ಅನ್ನದ ತಪ್ಪಲೆ ಉರುಳದಂತೆ ಎರಡೂ ಕೈಯಲ್ಲಿ ಹಿಡಿದು ನಿಂತ. ಅಲ್ಲಿ ಬಿಟ್ಟು ಬಂದವಳು ಈ ಹೊತ್ತಿಗೆ ಉಂಡಿರಬಹುದೇ ಎಂದು ನೆನೆದ. ಉಂಡಿರಲಿ ಎಂದುಕೊಂಡ."

ಉಮಾಪತಿ ಅಲ್ಲಿಗೆ ನಿಲ್ಲಿಸಿದರು. ನಗಲು ಸಿದ್ಧವಾಗಿದ್ದ ಬಾಯಿಗಳು ಮುಚ್ಚಿಕೊಂಡಿದ್ದವು. ಒಬ್ಬ ಹೆಂಗಸು ಸೆರಗು ಬಾಯಿಗೊತ್ತಿಕೊಂಡಳು.

"ಮುಂದ?" ಎಂದ ಪಕ್ಕೀರಪ್ಪ, ಇದ್ದಕ್ಕಿದ್ದಂತೆ. "ಮುಂದೇನಾತ್ರಿ? ಉಂಡಿದ್ಲಾ?"

"ಅವರಿಗೆ ಗೊತ್ತಿತ್ತು," ಎಂದರು ಚನ್ನವೀರಮ್ಮ. "ತಂದ ದಿನಾನ ಕೊನೀ ಹಾಳಿ ಓದಿ ಮುಗಿಸಿದ್ರು. ನನಗ ಹೇಳಿಲ್ಲ."

ಉಮಾಪತಿ ಬೆರಗಾದರು. "ನಿಮಗ ಹೇಳಿಲ್ಲೇನಕ್ಕಾ? ನಮಗೆಲ್ಲಾ ಕೇಳದಿದ್ದರೂ ಹೇಳ್ತಿದ್ರು."

"ನನಗ ಒಂದರದೂ ಹೇಳಿಲ್ರಿ. ಊಟ ಆದಮ್ಯಾಲ ದಿನಾ ಒಂದಿಷ್ಟು ಓದಿ ಹೇಳೋರು. ಕೊನಿ ಏನಾಗತೈತಿ ಹೇಳ್ರಿ ಅಂತ ಜಗಳಾಡಿದ್ರ, ಹೇಳಿದ್ರ ನಾಳಿ ನೀ ಕೇಳಾಕ ಬಂದು ಕೂಡಂಗಿಲ್ಲ ಅನ್ನೋರು." ಅವರು ಗಂಡನ ಮಂಡಿಯ ಮೇಲೆ ಕೈಯಿಟ್ಟರು. "ಈಗ ನೋಡ್ರಿ, ನಡೂ ನೀರಾಗ ಬಿಟ್ಟು ತಾವು ಹ್ವಾದ್ರು."

ಅಷ್ಟು ವರ್ಷಗಳ ಕೂಟದಲ್ಲಿ ತಮ್ಮ ಪುಸ್ತಕಗಳಿಗೆ ಇನ್ನೊಬ್ಬ ಓದುಗರಿದ್ದುದು ಉಮಾಪತಿಯವರಿಗೆ ಅಂದು ತಿಳಿಯಿತು. ಅವರು ಪುಸ್ತಕವನ್ನು ಚಾಚಿದರು. ಚನ್ನವೀರಮ್ಮ ಅದನ್ನು ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡರು.

"ಇದು ಮಣ್ಣಿಗೆ ಬ್ಯಾಡ ಮಾರೇಶ. ನಂದಿನ್ನೂ ಮುಗಿದಿಲ್ಲ." ಆಮೇಲೆ ಜನರ ನಡುವೆ ಯಾರನ್ನೋ ಹುಡುಕಿದರು. "ಲಕ್ಷ್ಮೀಬಾಯಾರು ಯಾರ್ರಿ? ನಿಮ್ಮ ಪಾಳಿ ಐತಿ ಅಂತ ದಿನಾ ಅವಸರ ಮಾಡ್ತಿದ್ರು. ಒಂದಿಷ್ಟು ತಡೀತೀರೇನ್ರಿ? ನಾ ಸಾಲಿ ಕಲತದ್ದು ಕಡಿಮಿ. ಕೂಡಿಸಿ ಕೂಡಿಸಿ ಓದಬೇಕು."

"ತಡೀತೇನಿ ತಾಯಿ," ಎಂದರು ಲಕ್ಷ್ಮೀಬಾಯಿ, ಕನ್ನಡಕ ತೆಗೆದು ಒರೆಸುತ್ತ. "ಎಷ್ಟು ದಿನಾದ್ರೂ ತಡೀತೇನಿ."

ಅಯ್ಯನವರು ಎದ್ದು ನಿಂತರು. "ಕತಿಯಾದ್ರೇನು, ವಿಭೂತಿ ಹಚ್ಚಿ ಆಗೇತಿ. ಏಳ್ರಿ, ಬಿಸಿಲು ಏರಾಕತ್ತೈತಿ." ಮಾರೇಶನ ಬೆನ್ನು ತಟ್ಟಿ ಮೆಲ್ಲಗೆ ಹೇಳಿದರು: "ಖಾಲಿ ಮಡಿಲಾಗ ಒಂದು ಮುಷ್ಟಿ ಭತ್ತ ಹಾಕಪ್ಪಾ. ಅದು ಅವರದ."

ಕಾಲುವೆಯ ದಂಡೆಯುದ್ದಕ್ಕೂ ಮೆರವಣಿಗೆ ಸಾಗಿತು. ಎರಡೂ ಕಡೆ ತೆನೆ ಬಿಡುತ್ತಿದ್ದ ಭತ್ತದ ಗದ್ದೆ, ಗಾಳಿಗೆ ಅಲೆಯಲೆಯಾಗಿ ತೂಗುತ್ತಿತ್ತು. ಟ್ರೇಲರಿನ ಮೇಲೆ ವಿಮಾನ ಹಿಂದಕ್ಕೂ ಮುಂದಕ್ಕೂ ಓಲಾಡಿತು. ಉಮಾಪತಿಯವರ ಪಕ್ಕದಲ್ಲಿ ನಡೆಯುತ್ತಿದ್ದ ಪಕ್ಕೀರಪ್ಪ ಕಿವಿಯ ಹತ್ತಿರ ಬಂದ.

"ಮೇಷ್ಟ್ರ, ನೀವು ಓದೀರಲ್ಲ. ಉಂಡಿದ್ಲಾ?"

"ಹೇಳಂಗಿಲ್ಲ ಪಕ್ಕೀರಪ್ಪಾ," ಎಂದರು ಉಮಾಪತಿ. "ನಮ್ಮಲ್ಲಿ ಹಂಗೊಂದು ಕಟ್ಟಳಿ ಐತಿ."

*

ಮರುತಿಂಗಳು ಕೂಟ ಸೇರಲಿಲ್ಲ. ಅದರ ಮರುತಿಂಗಳ ಭಾನುವಾರ ಕುರುಗೋಡಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಉಮಾಪತಿಯೂ ಲಕ್ಷ್ಮೀಬಾಯಿಯೂ ಕೂತಿದ್ದರು. ಸಿರುಗುಪ್ಪದಿಂದ ಫೋನು ಬಂದದ್ದು ನಿಜ. ಆದರೆ ಆ ಹೆಣ್ಣುಮಗಳು ಒಬ್ಬರೇ ಬಸ್ಸು ಹತ್ತಿ ಬಂದಾರೆಂಬ ಭರವಸೆ ಇಬ್ಬರಿಗೂ ಇರಲಿಲ್ಲ.

"ಬರದಿದ್ದರ ನಾವಿಬ್ಬರ ಕೂಡೂಣು," ಎಂದರು ಲಕ್ಷ್ಮೀಬಾಯಿ.

ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಮೊದಲು ಇಳಿದದ್ದು ಪಕ್ಕೀರಪ್ಪ. ಇಳಿದವನೇ ಹಿಂದಿರುಗಿ ಬಾಗಿಲ ಕಡೆ ಕೈ ಚಾಚಿದ. ಅವನ ಕೈ ಹಿಡಿದು ಚನ್ನವೀರಮ್ಮ ಮೆಲ್ಲಗೆ ಮೆಟ್ಟಿಲಿಳಿದರು. ಕಂಕುಳಲ್ಲಿ ಬಸವಣ್ಣನ ಹೊದಿಕೆಯ ಪುಸ್ತಕ; ವಿಭೂತಿಯ ಮೂರು ಗೆರೆ ಇನ್ನೂ ಅಳಿಸಿರಲಿಲ್ಲ. ತೆನೆ ಅದರ ಕಟ್ಟಕಡೆಯ ಹಾಳೆಯಿಂದ ಹೊರಚಾಚಿತ್ತು.

ಇನ್ನೊಂದು ಕೈಯಲ್ಲಿ ಪೇಪರಿನ ಪೊಟ್ಟಣವಿತ್ತು. ಎಣ್ಣೆ ಹೀರಿ ಕಪ್ಪಾದ ಪೇಪರಿನ ಬಾಯಿಂದ ಮಿರ್ಚಿಯ ತೊಟ್ಟುಗಳು ಇಣುಕುತ್ತಿದ್ದವು.

ಅದನ್ನು ಕಂಡದ್ದೇ ತಡ, ಲಕ್ಷ್ಮೀಬಾಯಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡರು.