ಟೇಪು ಮಾವನ ಅಳತೆ

ಆ ಬಟ್ಟೆ ಅಂಗಡಿಯಲ್ಲಿ ಟೇಪು ಮಾವ ಕೂರುತ್ತಿದ್ದ ಜಾಗ ಗಿರಾಕಿಗಳ ಕಣ್ಣಿಗೆ ಬೀಳುವಂಥದ್ದಲ್ಲ. ಟ್ರಯಲ್ ರೂಮುಗಳನ್ನು ದಾಟಿ, ಬೂದು ಬಣ್ಣದ ಪರದೆ ಸರಿಸಿದರೆ, ಅಲ್ಲೊಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ಸ್ಟೂಲಿನ ಮೇಲೆ ಅವನು. ಪ್ಯಾಂಟು ಉದ್ದವಾಯಿತು, ತೋಳು ಬಿಗಿಯಾಯಿತು ಎಂದು ಬಂದವರ ಬಟ್ಟೆಯನ್ನು ಅಲ್ಲೇ ಸರಿಮಾಡಿ ಕೊಡುವುದು ಅವನ ಕೆಲಸ. ಕತ್ತಿನಲ್ಲಿ ಸದಾ ಟೇಪು ನೇತಾಡುತ್ತಿತ್ತು. ಅವನ ಅಕ್ಕನ ಮಗಳು ಪುಟ್ಟಿ ಅದೇ ಅಂಗಡಿಯಲ್ಲಿ ಸೇಲ್ಸಿನಲ್ಲಿದ್ದು, ಎಲ್ಲರೆದುರು ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಹಾಗಾಗಿ ಇಡೀ ಅಂಗಡಿಗೇ ಅವನು ಟೇಪು ಮಾವ. ಮ್ಯಾನೇಜರ್ ಬೈಯುವಾಗಲೂ ಮಾವ ಎಂದು ಕರೆದೇ ಬೈಯುತ್ತಿದ್ದ.

ಆ ತಿಂಗಳು ಅಂಗಡಿಯ ಗಾಳಿಯೇ ಸರಿ ಇರಲಿಲ್ಲ. ನೂರಾರು ಅಂಗಡಿಗಳ ಕಂಪನಿ ಅದು. ಎಲ್ಲಿ ಏನಾದರೂ ಮಧ್ಯಾಹ್ನದೊಳಗೆ ಎಲ್ಲರ ಮೊಬೈಲಿಗೂ ಸುದ್ದಿ. ಒಂದು ಅಂಗಡಿಯಲ್ಲಿ ಬೆಳಿಗ್ಗೆ ಕೆಲಸಕ್ಕೆ ಬಂದವರಲ್ಲಿ ಅರ್ಧ ಜನರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದರಂತೆ. ಇನ್ನೊಂದರಲ್ಲಿ ಬಸುರಿ ಹುಡುಗಿಯನ್ನು ಎಲ್ಲರಿಗಿಂತ ಮೊದಲು ತೆಗೆದರಂತೆ, ಹೇಗೂ ರಜಾ ಕೇಳುವವಳು ತಾನೇ ಎಂದು. ಇವೆಲ್ಲ ಅಂತೆಕಂತೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಕಂಪನಿಯ ಗೋಡೌನಿಗೆ ರಾತ್ರೋರಾತ್ರಿ ಬೀಗ ಜಡಿದು, ಅಲ್ಲಿ ಲೋಡಿಂಗ್ ಮಾಡುತ್ತಿದ್ದ ಪುಟ್ಟಿಯ ಗಂಡನನ್ನು ಮನೆಗೆ ಕಳಿಸಿದ್ದು ಅಂತೆಯಲ್ಲ, ಕಣ್ಣೆದುರು ಆದದ್ದು. ಅಂದಿನಿಂದ ಆ ಮನೆ ನಿಂತಿದ್ದು ಪುಟ್ಟಿಯೊಬ್ಬಳ ದುಡಿಮೆಯ ಮೇಲೆ. ಅದಕ್ಕೂ ಸಂಚಕಾರ ಬಂದರೆ ಗತಿಯೇನು ಎಂಬ ಯೋಚನೆ ಸೂಜಿಗೆ ದಾರ ಪೋಣಿಸುವಾಗಲೂ ಮಾವನನ್ನು ಬಿಡುತ್ತಿರಲಿಲ್ಲ. ಬೇಡ ಬೇಡ ಎಂದ ಅಕ್ಕನನ್ನು ಒಪ್ಪಿಸಿ ಹುಡುಗಿಯನ್ನು ಇಲ್ಲಿಗೆ ಸೇರಿಸಿದವನು ಅವನೇ ಅಲ್ಲವೇ.

ಹೀಗಿರುವಾಗ ಒಂದು ಬೆಳಿಗ್ಗೆ ಮೇಲ್ವಿಚಾರಕಿ ಪರದೆಯ ಹತ್ತಿರ ಬಂದು, ಹೊಸ ಯೂನಿಫಾರ್ಮ್ ಬರುತ್ತದೆ, ನಾನು ಕರೆದವರ ಅಳತೆ ತೆಗೆಯಿರಿ ಎಂದಳು. ಹಳೆಯದು ದೊಗಳೆ ಅಂಗಿ, ಒಳಗೆ ಇನ್ನೊಬ್ಬರು ಹೊಕ್ಕರೂ ಗೊತ್ತಾಗದು. ಹೊಸದು ಮೈಗೆ ಹೊಂದುವ ಗಾಢ ನೀಲಿ ಅಂಗಿ, ಅದೇ ಬಟ್ಟೆಯ ಪ್ಯಾಂಟು. ಆ ಅಂಗಡಿಯ ರೂಢಿ ಏನೆಂದರೆ, ಮಾವ ಅಳತೆ ಹಿಡಿದು ಗಟ್ಟಿಯಾಗಿ ಕೂಗುವುದು, ಮೇಲ್ವಿಚಾರಕಿ ಅದನ್ನು ಮೊಬೈಲಿನಲ್ಲಿ ಒತ್ತಿಕೊಳ್ಳುವುದು. ಹೋದ ಸಲದ ಅಳತೆಯೂ ಅದರಲ್ಲೇ ಇರುತ್ತಿದ್ದರಿಂದ ಯಾರು ಊದಿದರು, ಯಾರು ಸೊರಗಿದರು ಎನ್ನುವುದು ಎಲ್ಲರಿಗೂ ತಮಾಷೆ. ಕ್ಯಾಷಿಯರ್ ಬಂದಾಗ, ಕೂತಲ್ಲೇ ಕೂತು ಸೊಂಟ ಎರಡಿಂಚು ಸಂಪಾದಿಸಿದೆ ಎಂದು ಮಾವನೇ ಕೂಗಿದ. ಅಷ್ಟು ದಿನಗಳ ಮೇಲೆ ಅಂಗಡಿಯಲ್ಲಿ ನಗು ಕೇಳಿಸಿತು.

ಆಮೇಲೆ ಪುಟ್ಟಿ ಬಂದಳು. ಭುಜ, ತೋಳು, ಎಲ್ಲ ಹೋದ ಸಲದಷ್ಟೇ. ಸೊಂಟಕ್ಕೆ ಟೇಪು ಸುತ್ತಿದ ಮಾವನ ಕೈ ಅಲ್ಲೇ ನಿಂತಿತು. ಟೇಪಿನ ತುದಿ ಸೇರಬೇಕಾದಲ್ಲಿ ಸೇರಲಿಲ್ಲ. ಊಟದಿಂದ ಬಂದ ಹೊಟ್ಟೆಯಲ್ಲ ಅದು. ಜನರ ಮೈ ಅಳೆದೇ ತಲೆ ನರೆಸಿಕೊಂಡವನಿಗೆ ಅಷ್ಟು ತಿಳಿಯದೇ? ತಲೆ ಎತ್ತಿ ನೋಡಿದ. ಪುಟ್ಟಿ ತುಟಿ ಕಚ್ಚಿಕೊಂಡು ಗೋಡೆ ನೋಡುತ್ತ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಎಷ್ಟು ಮಾವ?" ಎಂದಳು ಮೇಲ್ವಿಚಾರಕಿ.

ಹೋದ ಸಲದ್ದು ಮಾವನಿಗೆ ಬಾಯಿಪಾಠವಾಗಿತ್ತು. "ಮೂವತ್ತು," ಎಂದು ಕೂಗಿದ, ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ. "ಹೋದ ಸಲ ಎಷ್ಟೋ ಅಷ್ಟೇ. ಮನೇಲಿ ಇವಳಿಗೆ ಊಟ ಹಾಕ್ತಾರೋ ಇಲ್ವೋ."

ಮತ್ತೆ ಎಲ್ಲರೂ ನಕ್ಕರು. ಮೇಲ್ವಿಚಾರಕಿ ಒತ್ತಿಕೊಂಡಳು. ಮಾವ ಟೇಪನ್ನು ಕತ್ತಿಗೆ ಹಾಕಿಕೊಂಡ. ಮುಂದೆ ಯಾರನ್ನು ಕರೆದರು, ಯಾರನ್ನು ಬಿಟ್ಟರು ಎಂಬುದರ ಮೇಲೆ ಅವನಿಗೆ ನಿಗಾ ಇರಲಿಲ್ಲ. ಐದಾರು ಜನರ ಅಳತೆ ಉಳಿದೇಹೋಯಿತು. ನಾಳೆ ತೆಗೆಯುತ್ತಾರೆ ಬಿಡು ಎಂದುಕೊಂಡು ಅವರೂ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಊಟದ ಹೊತ್ತಿಗೆ ಪುಟ್ಟಿ ಪರದೆಯೊಳಗೆ ಬಂದಳು. ನಾಲ್ಕು ತುಂಬಿದೆ, ಗಂಡನಿಗೆ, ಅಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ ಎಂದಳು. ಇನ್ನು ಮೂರು ತಿಂಗಳು ಹೇಗಾದರೂ ದೂಡಿಬಿಟ್ಟರೆ ಅಷ್ಟರಲ್ಲಿ ಗಂಡನಿಗೆ ಎಲ್ಲಾದರೂ ಒಂದು ಕೆಲಸ ಸಿಗಬಹುದು ಎಂಬ ಆಸೆ. ಹಾಳಾದ ಈ ಹೊಸ ಬಟ್ಟೆ ಈಗಲೇ ಬರಬೇಕಿತ್ತೇ ಎಂದು ಕಣ್ಣೊರೆಸಿಕೊಂಡಳು. ಮಾವನಿಗೆ ಒಂದು ಕಡೆ ಸಂತೋಷ, ಮೊಮ್ಮಗು ಬರುತ್ತಿದೆ. ಇನ್ನೊಂದು ಕಡೆ ಚಿಂತೆ. ಸುಳ್ಳು ಹೇಳಿದ್ದೇನೋ ಆಯಿತು, ಬಿಗಿ ಅಂಗಿ ಬಂದ ದಿನ ಏನು ಮಾಡುವುದು?

"ಅಳ್ಬೇಡ. ಬಟ್ಟೆ ಬರ್ತಿದ್ದ ಹಾಗೇ ನನ್ನ ಹತ್ರ ತಾ," ಎಂದ. "ಬದಿ ಬಿಚ್ಚಿ ಸಡಿಲ ಮಾಡ್ತೀನಿ. ತಿಂಗಳಿಗೊಂದು ಸಲ ಸ್ವಲ್ಪ ಸ್ವಲ್ಪ ಬಿಡ್ತಾ ಹೋದ್ರೆ ಯಾರಿಗೂ ಗೊತ್ತಾಗಲ್ಲ. ನಾನಿದ್ದೀನಲ್ಲ."

ಆ ಸಂಜೆ ಮನೆಯಲ್ಲಿ, ಚಪ್ಪಲಿ ಬಿಡುತ್ತಿದ್ದ ಹಾಗೇ ಹೆಂಡತಿಗೆ ಎಲ್ಲ ಹೇಳಿದ. ಅವಳು ಮೊದಲು ಖುಷಿಪಟ್ಟಳು, ಆಮೇಲೆ ಗಾಬರಿಯಾದಳು, ಆಮೇಲೆ ಪಾತ್ರೆ ಒರೆಸತೊಡಗಿದಳು. ಒರೆಸುತ್ತಲೇ ಕೇಳಿದಳು, "ಎಲ್ಲರದೂ ತೆಗೆದ್ರಿ, ಸರಿ. ನಿಮ್ಮ ಅಳತೆ ಯಾರು ತಗೊಂಡ್ರು?"

ಮೇಲ್ವಿಚಾರಕಿ ಕೊನೆಯವನನ್ನು ಕಳಿಸಿ, ಆಯಿತು ಎಂದು ಮೊಬೈಲು ಜೇಬಿಗಿಟ್ಟು ಹೊರಟದ್ದು ಮಾವನಿಗೆ ನೆನಪಾಯಿತು. ಹೋದ ಸಲ ಅವಳೇ ಟೇಪು ಕಸಿದುಕೊಂಡು, ಬನ್ನಿ ಮಾವ, ನಿಮ್ಮದೂ ನೋಡೋಣ ಎಂದಿದ್ದಳು. ತನ್ನ ತಲೆ ಪುಟ್ಟಿಯ ಸುತ್ತಲೇ ತಿರುಗುತ್ತಿತ್ತು, ಕೈಯಲ್ಲಿ ಟೇಪಿದ್ದವನಿಗೆ ತನ್ನ ನೆನಪೇ ಆಗಿರಲಿಲ್ಲ. "ಪರದೆ ಹಿಂದೆ ಕೂರೋನಿಗೆ ಯಾಕೆ ಹೊಸ ಬಟ್ಟೆ?" ಎಂದು ಹೆಂಡತಿಗೆ ಹೇಳಿದ. ಅವಳು ಮತ್ತೆ ಕೇಳಲಿಲ್ಲ.

ಮರುದಿನ ಮೇಲ್ವಿಚಾರಕಿಯ ಹತ್ತಿರ ಹೋಗಿ, ನನ್ನದೊಂದು ಉಳಿದಿದೆಯಲ್ಲ ಎಂದು ನಗುತ್ತಲೇ ಕೇಳಿದ. ಅವಳು ಹ್ಯಾಂಗರುಗಳನ್ನು ಸರಿಸುತ್ತಲೇ, ನೋಡೋಣ ಮಾವ ಎಂದಳು. ಮುಖ ತಿರುಗಿಸಲಿಲ್ಲ. ಅಷ್ಟು ಮಾತಾಡುವ ಹೆಂಗಸು ಅಷ್ಟಕ್ಕೇ ನಿಲ್ಲಿಸಿದಳಲ್ಲ ಎಂದು ಮಾವನಿಗೆ ಕಸಿವಿಸಿಯಾಯಿತು. ಆಮೇಲಿನ ದಿನಗಳಲ್ಲಿ ಅವನು ಅವಳ ಎದುರು ಬಂದಾಗಲೆಲ್ಲ ಟೇಪನ್ನು ಕತ್ತಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ; ಕಂಡಾದರೂ ನೆನಪಾಗಲಿ ಎಂದು. ಅವಳು ಬೇರೆ ಸಾಲಿಗೆ ಹೊರಳಿಕೊಂಡಳು. ಇಲ್ಲದ ಗೊಡವೆ, ಪುಟ್ಟಿಯ ಹೊಟ್ಟೆಯಲ್ಲಿರುವ ಕೂಸಿನ ಕಡೆ ನೋಡು ಎಂದು ತನ್ನನ್ನು ತಾನೇ ಗದರಿಸಿಕೊಂಡು ಯಂತ್ರ ತುಳಿದ.

ಬಟ್ಟೆಯ ಗಂಟು ಬಂದ ಬೆಳಿಗ್ಗೆ ಅಂಗಡಿಯ ಷಟರ್ ಅರ್ಧ ಮಾತ್ರ ಎದ್ದಿತ್ತು. ಎಲ್ಲರೂ ಬಗ್ಗಿ ಒಳಗೆ ಬಂದರು. ಕ್ಯಾಷ್ ಕೌಂಟರಿನ ಹತ್ತಿರ ಮೇಲಿನ ಆಫೀಸಿನಿಂದ ಬಂದ ಕೋಟಿನವನೊಬ್ಬ ನಿಂತಿದ್ದ. ಅವನ ಪಕ್ಕ ಮ್ಯಾನೇಜರ್ ಬೆವರುತ್ತಿದ್ದ. ಮೇಲ್ವಿಚಾರಕಿ ಒಬ್ಬೊಬ್ಬರನ್ನೇ ಕರೆದು ಪ್ಲಾಸ್ಟಿಕ್ ಕವರು ಕೊಟ್ಟಳು. ಪುಟ್ಟಿಗೆ ಸಿಕ್ಕಿತು. ಗಂಟು ಬರಿದಾದಾಗ ಕೈ ಬರಿದಾಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವತ್ತು ಅಳತೆಗೆ ಕರೆಯದೆ ಬಿಟ್ಟ ಆ ಐದಾರು ಜನ, ಮತ್ತು ಮಾವ.

ಕವರು ಸಿಕ್ಕವರು ಹೊಸ ಬಟ್ಟೆ ಹಾಕಿಕೊಂಡು ಷಟರ್ ಏಳುವುದರೊಳಗೆ ಸಾಲಾಗಿ ನಿಲ್ಲಬೇಕು, ಉಳಿದವರು ತಮ್ಮ ಸಾಮಾನು ತೆಗೆದುಕೊಂಡು ಹಿಂಬಾಗಿಲಿನಿಂದ ಹೊರಡಬೇಕು ಎಂದ ಕೋಟಿನವನು. ಕೋಟಿನ ಗುಂಡಿ ಹಾಕಿಕೊಳ್ಳುವಷ್ಟು ಸಲೀಸಾಗಿ ಹೇಳಿದ. ಷೋಕೇಸಿನ ಬೊಂಬೆಗಳಿಗೆ ಬಟ್ಟೆ ತೊಡಿಸುತ್ತಿದ್ದ ಹೆಂಗಸು ಅಲ್ಲೇ ಕುಸಿದು ಕೂತಳು. ಮ್ಯಾನೇಜರ್ ಮಾವನನ್ನು ಪಕ್ಕಕ್ಕೆ ಕರೆದು, ಇನ್ನು ಅಂಗಡಿಯಲ್ಲಿ ಆಲ್ಟರೇಷನ್ನೇ ಇರುವುದಿಲ್ಲ, ಎಲ್ಲ ಹೊರಗಡೆ ಕೊಡುತ್ತಾರೆ, ನನ್ನ ಕೈಯಲ್ಲೇನೂ ಇಲ್ಲ ಎಂದ. ಮಾವನಿಗೆ ಅರ್ಧ ಕೇಳಿಸಿತು. ಅವನ ಕಣ್ಣು ಟ್ರಯಲ್ ರೂಮಿನ ಕಡೆ ಹೋಗುತ್ತಿದ್ದ ಪುಟ್ಟಿಯ ಮೇಲಿತ್ತು. ತನ್ನ ಕೆಲಸ ಹೋಯಿತೆಂಬ ದುಃಖಕ್ಕಿಂತ ಮೊದಲು ಅವನನ್ನು ಹಿಡಿದದ್ದು ಆ ಹುಡುಗಿಯ ಬಗೆಗಿನ ಭಯ. ನಾನಿದ್ದೀನಲ್ಲ ಎಂದಿದ್ದೆನಲ್ಲ, ಈಗ ನಾನೇ ಇಲ್ಲವಲ್ಲ.

ಸಾಮಾನು ತೆಗೆದುಕೊಳ್ಳಲು ಅವನನ್ನು ಪರದೆಯೊಳಗೆ ಬಿಟ್ಟರು, ಕಾವಲಿಗೆ ಸೆಕ್ಯೂರಿಟಿಯವನನ್ನು ನಿಲ್ಲಿಸಿದರು. ಅಷ್ಟರಲ್ಲಿ ಪುಟ್ಟಿ ಹಳೆಯ ಅಂಗಿಯಲ್ಲೇ ಓಡಿಬಂದಳು. ಪ್ಯಾಂಟಿಗೆ ಹಿಂದೆ ಎಲಾಸ್ಟಿಕ್ ಇದ್ದುದರಿಂದ ಅದು ಹೇಗೋ ಏರಿತ್ತು, ಪಾದದ ಮೇಲೆ ಮುದುರಿ ಬಿದ್ದಿತ್ತು. ಅಂಗಿ ಕೈಯಲ್ಲೇ ಇತ್ತು. "ಗುಂಡಿ ಸೇರ್ತಾನೇ ಇಲ್ಲ ಮಾವ," ಎಂದಳು. ಉಸಿರು ಸಿಗುತ್ತಿರಲಿಲ್ಲ ಅವಳಿಗೆ.

ಮಾವ ಅಂಗಿಯನ್ನು ತಿರುವಿಹಾಕಿ ನೋಡಿದ. ಅವನ ಕಾಲದಲ್ಲಿ ದರ್ಜಿ ಹೊಲಿದ ಅಂಗಿಯೆಂದರೆ ಬದಿಯ ಒಳಗೆ ನಾಳೆಗೆಂದು ಒಂದಷ್ಟು ಬಟ್ಟೆ ಬಿಟ್ಟಿರುತ್ತಿದ್ದರು. ಇದು ಫ್ಯಾಕ್ಟರಿಯದು. ಹೊಲಿಗೆಯ ಅಂಚಿಗೇ ಕತ್ತರಿಸಿ ಓವರ್‌ಲಾಕ್ ಮಾಡಿ ಬಿಟ್ಟಿದ್ದರು. ಬಿಚ್ಚಿದರೆ ಒಂದು ನೂಲೂ ಸಿಗುವುದಿಲ್ಲ. ಹೋದ ವಾರ ತಾನು ಕೊಟ್ಟ ಮಾತೆಲ್ಲ ಇಲ್ಲದ ಬಟ್ಟೆಯ ಮೇಲೆ ಕೊಟ್ಟದ್ದು. ಹೊರಗೆ ಮೇಲ್ವಿಚಾರಕಿ, ಬೇಗ ಬೇಗ ಎನ್ನುತ್ತಿದ್ದಳು.

ಆಗ ಅವನ ಕಣ್ಣು ಪುಟ್ಟಿಯ ಕಾಲಿನ ಮೇಲೆ ಬಿತ್ತು. ಕುಳ್ಳಿ ಹುಡುಗಿ, ಪ್ಯಾಂಟಿನ ಉದ್ದವೆಲ್ಲ ನೆಲ ಗುಡಿಸುತ್ತಿತ್ತು. ಅದೇ ನೀಲಿ, ಅದೇ ಬಟ್ಟೆ. ನಿಲ್ಲು ಎಂದು ಗದರಿ, ಮಂಡಿಯೂರಿ, ಎರಡೂ ಕಾಲಿನ ಹೆಚ್ಚುವರಿಯನ್ನು ಕತ್ತರಿಸಿದ. ಒಂದು ಕಾಲಿನ ತುಂಡನ್ನು ಸೀಳಿ ಎರಡು ಪಟ್ಟಿ ಮಾಡಿ, ಅಂಗಿಯ ಬದಿಗಳನ್ನು ಕಂಕುಳ ಕೆಳಗಿನವರೆಗೆ ಬಿಚ್ಚಿ, ನಡುವೆ ಕೂರಿಸಿ ಯಂತ್ರ ತುಳಿದ. ಇನ್ನೊಂದು ಕಾಲಿನ ತುಂಡನ್ನು ಜೇಬಿಗೆ ತುರುಕಿಕೊಂಡ. ಅದು ಮುಂದಿನ ತಿಂಗಳಿಗೆ. ಹೊಟ್ಟೆ ಬೆಳೆದಾಗ ಪಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಿ ಅಗಲ ಮಾಡಬೇಕಲ್ಲ. ಸೆಕ್ಯೂರಿಟಿಯವನು ಎಲ್ಲ ಕಂಡ. ಒಮ್ಮೆ ಕೆಮ್ಮಿ, ಪರದೆ ಎಳೆದು, ಬೆನ್ನು ತಿರುಗಿಸಿ ನಿಂತ. ದಾರ ಒಂದು ಸಲ ತುಂಡಾಯಿತು. ಪುಟ್ಟಿಯೇ ಪೋಣಿಸಿಕೊಟ್ಟಳು.

ಅಂಗಿ ಹಿಡಿಯಿತು. ಗುಂಡಿ ಸೇರಿತು. ಪ್ಯಾಂಟಿನ ಕಾಲು ಮಡಿಸಿ ಹೊಲಿಯಲು ಹೊತ್ತಿರಲಿಲ್ಲ, ಗುಂಡುಸೂಜಿ ಚುಚ್ಚಿದ. ಪುಟ್ಟಿ ಅವನ ಕೈ ಹಿಡಿದುಕೊಂಡು ನಿಂತೇಬಿಟ್ಟಳು. "ನೀನೇ ಇಲ್ದೆ ನಾನು ಇಲ್ಲಿ ಹೇಗಿರ್ಲಿ ಮಾವ?" ಎಂದಳು. ಕೈ ತುಂಬ ಮೇಲಕ್ಕೆ ಎತ್ತಬೇಡ, ಬದಿ ಹೊಲಿಗೆ ಒಂದೇ ಸುತ್ತು ಹಾಕಿದ್ದೇನೆ ಎಂದಷ್ಟೇ ಹೇಳಿ ಅವನು ಅವಳನ್ನು ಹೊರಗೆ ದಬ್ಬಿದ.

ಹಿಂಬಾಗಿಲಿನಿಂದ ಹೊರಬಂದವನಿಗೆ ಕಾಲು ಮನೆಯ ದಾರಿ ಹಿಡಿಯಲಿಲ್ಲ. ಸುತ್ತು ಹಾಕಿ ಮುಂದಿನ ರಸ್ತೆಗೆ ಬಂದು, ಷೋಕೇಸಿನ ಗಾಜಿಗೆ ಮುಖ ಆನಿಸಿದ. ಷಟರ್ ಎತ್ತಿಯಾಗಿತ್ತು, ಒಳಗೆ ದೀಪಗಳೆಲ್ಲ ಹತ್ತಿದ್ದವು. ನೀಲಿ ಬಟ್ಟೆಯವರು ಸಾಲಾಗಿ ನಿಂತಿದ್ದರು. ಕೋಟಿನವನು ಸಾಲಿನ ಮುಂದೆ ನಡೆದು, ಪುಟ್ಟಿಯ ಎದುರು ನಿಂತು, ಮೇಲಿನ ಹಲಗೆಯ ಕಡೆ ಬೆರಳು ತೋರಿಸಿದ. ಎಲ್ಲಕ್ಕಿಂತ ಎತ್ತರದ ಹಲಗೆ ಅದು.

ಪುಟ್ಟಿ ಕೈ ಎತ್ತಿದಳು. ಮಾವ ಅವಳ ಮುಖ ನೋಡಲಿಲ್ಲ, ಕೈ ನೋಡಲಿಲ್ಲ; ಕಂಕುಳಿಂದ ಸೊಂಟಕ್ಕೆ ಇಳಿದ ಆ ಒಂದೇ ಸುತ್ತಿನ ಹೊಲಿಗೆಯನ್ನೇ ನೋಡಿದ. ಬಟ್ಟೆ ಸೆಳೆಯಿತು. ಪಟ್ಟಿ ಬಿಗಿಯಾಯಿತು. ಅಂಗಿಗಳ ಕಟ್ಟನ್ನು ಇಳಿಸಿ ಅವಳು ಕೈ ಕೆಳಗೆ ತಂದಳು. ಹೊಲಿಗೆ ನಿಂತಿತ್ತು. ಕೋಟಿನವನು ತಲೆಯಾಡಿಸಿ ಮುಂದಿನವರ ಕಡೆ ಹೋದ.

ಮಾವ ಬೆವರು ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದ. ಕರ್ಚೀಫಿನ ಬದಲು ನೀಲಿ ಬಟ್ಟೆಯ ತುಂಡು ಕೈಗೆ ಬಂತು. ಇನ್ನೊಂದು ಕಾಲಿನದು, ಮುಂದಿನ ತಿಂಗಳಿನದು. ಅವಳಿಗೆ ಕೊಡಲು ಮರೆತಿದ್ದ. ಗಾಜಿಗೆ ಆನಿಸಿ ಹಿಡಿದ. ಸ್ವಲ್ಪ ಹೊತ್ತಿಗೆ ಪುಟ್ಟಿ ಅವನನ್ನು ಕಂಡಳು, ತುಂಡನ್ನೂ ಕಂಡಳು. ಮನೆಗೆ ಬಾ ಎಂದು ಅವನು ಸನ್ನೆ ಮಾಡಿದ. ಅವಳು ಬೇರೆ ಯಾರಿಗೂ ಕಾಣದಂತೆ ತಲೆಯಾಡಿಸಿದಳು.

ಆಮೇಲೆ ಆ ತುಂಡನ್ನು ಮಡಿಸಿ ಜೇಬಿಗಿಟ್ಟುಕೊಂಡ. ಕತ್ತಿನಲ್ಲಿ ಟೇಪು ಇನ್ನೂ ಹಾಗೇ ನೇತಾಡುತ್ತಿತ್ತು. ಮನೆಯ ಕಡೆ ತಿರುಗಿದ. ಈ ಹೊತ್ತಿಗೆ ಬಂದವನನ್ನು ಕಂಡು ಹೆಂಡತಿ ಏನೂ ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೇಳಬೇಕಾದ್ದನ್ನು ಅವಳು ಆ ಅಳತೆಯ ಸಂಜೆಯೇ ಕೇಳಿಯಾಗಿತ್ತು.