ಗುಡದಪ್ಪನ ಮೊಣಕಾಲೆಣ್ಣೆ

ಬ್ಯಾಡಗಿಯ ಟೇಲರ್ ಗುಡದಪ್ಪನ ಕತ್ತರಿಗಿಂತ ಬಾಯಿ ಜೋರು. ಒಳ್ಳೆಯದು ಕಂಡರೆ ಊರಿಗೆಲ್ಲ ಹೇಳಬೇಕು, ಕೆಟ್ಟದ್ದು ಕಂಡರೆ ಪಕ್ಕದ ಊರಿಗೂ ಹೇಳಬೇಕು. ಅಂಥವನ ಎರಡೂ ಮೊಣಕಾಲಿಗೆ ವಾತ ಹಿಡಿದ ಮೇಲೆ ಕೇಳಬೇಕೆ? ಹುಡುಗನಿದ್ದಾಗಿನಿಂದ ಹೊಲಿಗೆ ಮಷಿನ್ನು ತುಳಿದ ಕಾಲುಗಳು ಈಗ ಎದ್ದರೆ ಕೂರಲು, ಕೂತರೆ ಏಳಲು ಒಲ್ಲೆನ್ನುತ್ತಿದ್ದವು. ಮೋಟರ್ ಹಚ್ಚಿಸು ಎಂದವರಿಗೆ, "ಕರೆಂಟ್ ಇದ್ದಾಗಷ್ಟ ಟೇಲರ್ ಆಗ್ಲೇನು?" ಎಂದು ರೇಗುತ್ತಿದ್ದ. ಮದುವೆಯ ಸೀಸನ್ ಹತ್ತಿರ ಬಂದಿತ್ತು. ಈ ಸಲ ಕಾಲು ಕೈಕೊಟ್ಟರೆ ಅಂಗಡಿಯ ಬಾಗಿಲು ಹಾಕಬೇಕಾದೀತು ಎಂಬ ಭಯ ಮಾತ್ರ ಆ ದೊಡ್ಡ ಬಾಯಿಂದ ಹೊರಗೆ ಬಂದಿರಲಿಲ್ಲ.

ಗುಳಿಗೆ ನುಂಗಿ ನುಂಗಿ ಹೊಟ್ಟೆ ಕೆಟ್ಟ ಮೇಲೆ ರಾಣೆಬೆನ್ನೂರಿನ ಕೊಟ್ರಯ್ಯ ವೈದ್ಯರ ಹತ್ತಿರ ಹೋದ. ವೈದ್ಯರು ನಾಡಿ ಹಿಡಿದರು, ಮೊಣಕಾಲು ಒತ್ತಿ ನೋಡಿದರು, ಕಷಾಯದ ಪುಡಿ ಮತ್ತು ಒಂದು ಬಾಟಲಿ ಎಣ್ಣೆ ಕೊಟ್ಟರು. ಹುಣಸೆಹುಳಿ, ಬದನೆಕಾಯಿ, ರಾತ್ರಿಯ ಮೊಸರು ಎಲ್ಲಾ ಬಂದ್ ಎಂದರು.

"ಸಂಜೀಕ ಎಣ್ಣಿ ಬೆಚ್ಚಗ ಮಾಡಿ ಮನ್ಯಾವರ ಕಡೆ ತಿಕ್ಕಸ್ಕೋರಿ. ಆಮ್ಯಾಲ ಲಕ್ಕಿ ಸೊಪ್ಪು ಹುರದು ಅರಿವ್ಯಾಗ ಕಟ್ಟಿ ಶಾಖ ಕೊಡ್ರಿ. ಇದು ಲಗೂ ಗುಣ ಆಗೂ ಬ್ಯಾನಿ ಅಲ್ಲ, ತಡಕೊಂಡ್ರ ಆಗತೈತಿ."

ಮನೆಯವರೆಂದರೆ ಹೆಂಡತಿ ಚೌಡವ್ವ. ದಿನವಿಡೀ ಪೇಟೆಯ ಗೋದಾಮಿನಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುವುದು ಅವಳ ಕೆಲಸ. ಅವಳದು ಮಾತು ಕಡಿಮೆ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಗುಡದಪ್ಪನೇ ಆಡಿ ಮುಗಿಸುತ್ತಿದ್ದ. ದಣಿದು ಬಂದವಳು ತನ್ನ ಕಾಲು ತಿಕ್ಕಲು ಕೂತಾಳೋ ಇಲ್ಲವೋ ಎಂದು ಅಳುಕುತ್ತಲೇ ಕೇಳಿದ. ಚೌಡವ್ವ ಕೈತೊಳೆದು ಬಂದು, ಎಣ್ಣೆಯ ಬಟ್ಟಲು ಎಳೆದುಕೊಂಡು ಕೂತೇಬಿಟ್ಟಳು.

ಏನು ಎಣ್ಣೆಯಪ್ಪಾ ಅದು! ತಿಕ್ಕಿದ ಸ್ವಲ್ಪ ಹೊತ್ತಿಗೆ ಮೊಣಕಾಲು ಕಾವೇರಿತು, ಆಮೇಲೆ ಚುರುಚುರು ಎಂದಿತು, ಆಮೇಲೆ ಧಗಧಗ ಉರಿಯಿತು. ಆ ಉರಿಯಲ್ಲಿ ನೋವು ಎಲ್ಲಿ ಅಡಗಿತೋ ತಿಳಿಯಲಿಲ್ಲ. ದಿನಾ ಸಂಜೆ ಹೀಗೇ ನಡೆಯಿತು, ಚೌಡವ್ವ ಒಂದು ದಿನವೂ ತಪ್ಪಿಸಲಿಲ್ಲ. ಗುಡದಪ್ಪ ಮಷಿನ್ನು ತುಳಿಯುತ್ತ, ಬಂದ ಗಿರಾಕಿಗಳಿಗೆಲ್ಲ ಅಳತೆಗಿಂತ ಮೊದಲು ಎಣ್ಣೆಯ ಪುರಾಣ ಹೇಳತೊಡಗಿದ. "ಎಣ್ಣಿ ಅಲ್ಲದು, ಬೆಂಕಿ! ಸೀದಾ ಎಲುವಿನ ತನಕ ಇಳೀತೈತಿ."

ಅದನ್ನು ನಂಬಿ ನೆರೆಮನೆಯ ಮುಮ್ತಾಜಬಿ ತನ್ನ ಮೊಣಕೈ ನೋವಿಗೆ ಅದೇ ಎಣ್ಣೆ ತರಿಸಿ ತಿಕ್ಕಿಕೊಂಡಳು. ಉರಿ ಹೋಗಲಿ, ಬಿಸಿಯೂ ಆಗಲಿಲ್ಲ. "ಟೇಲರಣ್ಣಾ, ನಿಮ್ಮ ಬೆಂಕಿ ಗೋಡಿ ದಾಟೂದ್ರಾಗ ಆರಿ ಹೋತೇನ್ರಿ?" ಎಂದು ಕೇಳಿದಳು.

"ನಂಬಿಕಿ ಬೇಕವ್ವಾ, ನಂಬಿಕಿ!" ಎಂದು ಗುಡದಪ್ಪ ಉಪದೇಶ ಮಾಡಿ ಕಳಿಸಿದ.

ಅಷ್ಟರಲ್ಲಿ ಮೇಡ್ಲೇರಿಗೆ ಕೊಟ್ಟ ಮಗಳು ಭುವನಾ ಹೆತ್ತಳೆಂದು ಫೋನು ಬಂತು. ಚೌಡವ್ವ ಬಾಣಂತನಕ್ಕೆ ಹೋದಳು. ಗುಡದಪ್ಪ ಹೊಸ ಬಾಟಲಿ ತೆರೆದು ತಾನೇ ತಿಕ್ಕಿಕೊಂಡ. ಎಣ್ಣೆ ತಣ್ಣಗೆ ಚರ್ಮದ ಮೇಲೆ ಜಾರಿತೇ ಹೊರತು ಉರಿಯ ಸುಳಿವಿಲ್ಲ. ಕೆಲವೇ ದಿನಗಳಲ್ಲಿ ಮೊಣಕಾಲು ಮತ್ತೆ ಬಿಗಿಯಿತು. ಅಂಗಡಿಯಲ್ಲಿ ಮದುವೆಯ ಕುಬಸಗಳು ರಾಶಿ ಬಿದ್ದಿದ್ದವು. ಸಿಟ್ಟು ನೆತ್ತಿಗೇರಿ, ಬಾಟಲಿ ಚೀಲದಲ್ಲಿಟ್ಟುಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದ.

"ಅಜ್ಜಾರ, ಈ ಬಾಟ್ಲಿ ಎಣ್ಣಿ ಖರೇ ಅಲ್ರಿ. ಉರಿಯಂಗಿಲ್ಲಿದು."

ವೈದ್ಯರು ಎಣ್ಣೆ ಮೂಸಿ, ಅಂಗೈಗೆ ಹಚ್ಚಿ ನೋಡಿದರು. "ನಮ್ಮ ಎಣ್ಣಿ ಎಂದೂ ಉರದಿಲ್ಲೋ ಮಾರಾಯಾ. ಮೊದಲ ಯಾರು ತಿಕ್ಕತಿದ್ರು?"

"ನಮ್ಮ ಮನ್ಯಾಕಿ."

"ಆಕಿ ಏನ ಕೆಲಸ ಮಾಡತಾಳ?"

"ಮೆಣಸಿನಕಾಯಿ ತೊಟ್ಟು..." ಎಂದವನು ಬಾಯಿ ತೆರೆದಂತೆಯೇ ಕೂತ.

ವೈದ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ವರ್ಷ ಪೇಟಿಗೆ ಗುಂಟೂರ ಕಾಯಿ ಬಾಳ ಬಂದಾವಲ್ಲ? ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕ, ಅದು ಖಾರಕ್ಕ. ನೀರಿಗೆ ಹೋಗದ ಖಾರಾನ ಎಣ್ಣಿ ಎಳಕೋತೈತಿ. ಆಕಿ ಕೈಯಾಗಿಂದೆಲ್ಲಾ ನಿಮ್ಮ ಮೊಣಕಾಲಿಗೆ ಇಳದೈತಿ." ನಗು ನಿಂತ ಮೇಲೆ ಕೇಳಿದರು, "ಖಾರ ಬ್ಯಾನಿ ಮರಸತೈತಿ ಅಷ್ಟ. ಗುಣ ಮಾಡೂದು ಎಣ್ಣಿ, ಶಾಖ, ಪಥ್ಯ. ಆಕಿ ಹೋದಮ್ಯಾಲ ಶಾಖ ಬಿಟ್ರಿ, ಖಾನಾವಳ್ಯಾಗ ಹುಳಿ ಹೊಡದ್ರಿ. ಹೌದಲ್ಲೋ?"

ಹೌದಾಗಿತ್ತು. ಗುಡದಪ್ಪ ತಲೆ ತಗ್ಗಿಸಿದ. ಊರಿಗೆ ಬಂದು ತಾನೇ ಸಪ್ಪೆ ಸಾರು ಮಾಡಿಕೊಂಡ, ಮುಮ್ತಾಜಬಿಯ ಮಗನ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಂಡ, ಸೊಪ್ಪಿನ ಗಂಟಿನಿಂದ ಶಾಖ ಕೊಟ್ಟುಕೊಂಡ. ಉರಿಯಿಲ್ಲ, ಆರ್ಭಟವಿಲ್ಲ, ಆದರೆ ಮೊಣಕಾಲು ಮೆಲ್ಲಗೆ ಸಡಿಲಾಯಿತು. ಕುಬಸಗಳ ರಾಶಿ ಕರಗತೊಡಗಿತು. ಅಂಗಡಿ ಉಳಿಯಿತೆಂದು ಅವನು ಬಹಳ ದಿನದ ಮೇಲೆ ನೆಮ್ಮದಿಯಿಂದ ಉಸಿರುಬಿಟ್ಟ.

ಚೌಡವ್ವ ಮೇಡ್ಲೇರಿಯಿಂದ ಬಂದ ಮರುದಿನವೇ ಗೋದಾಮಿಗೆ ಹೋದಳು. ಸಂಜೆ ಬಂದು, ಹೇಳುವ ಮೊದಲೇ ಎಣ್ಣೆ ಬೆಚ್ಚಗೆ ಮಾಡಿಕೊಂಡು ಅವನ ಕಾಲ ಬಳಿ ಕೂತಳು. ಗುಡದಪ್ಪ ವೈದ್ಯರ ಮಾತನ್ನೆಲ್ಲ ನಕ್ಕು ನಕ್ಕು ವರದಿ ಮಾಡಿದ. ಕೊನೆಗೆ ದೊಡ್ಡ ಮನಸ್ಸು ಮಾಡಿ, "ಇನ್ನ ನೀ ತಿಕ್ಕೂದು ಬ್ಯಾಡ. ದಣದ ಬರ್ತೀ, ಸುಮ್ನ ಅಡ್ಡಾಗು" ಎಂದ.

ಚೌಡವ್ವ ನಗಲಿಲ್ಲ. ಅವಳ ಮುಖ ಸಣ್ಣದಾಯಿತು.

"ಹಂಗಾರ ನನ್ನ ಕೈ ಏನ ಮಾಡ್ಲಿರಿ?"

"ಕೈಗೇನಾತು?"

"ದಿನಾ ಉರೀತಾವಲ್ರಿ. ಉರದು ಉರದು ನಿದ್ದೀನ ಹತ್ತತಿದ್ದಿಲ್ಲ. ನಿಮ್ಮ ಕಾಲ ತಿಕ್ಕಾಕತ್ತಿದ ಮ್ಯಾಲ ತಣ್ಣಗಾಗಿ ಕಣ್ಣ ಮುಚ್ಚತಿದ್ದೆ."

"ಎಂದಿಂದ ಉರೀತಾವ?"

"ಭುವನಾ ಸಾಲೀಗೆ ಹೊಂಟಾಗಿಂದ."

ಭುವನಾ ಈಗ ತಾಯಿಯಾಗಿದ್ದಳು. ಒಂದಿಷ್ಟು ಹೊತ್ತು ಉರಿದದ್ದಕ್ಕೆ ಊರೆಲ್ಲ ಡಂಗುರ ಹೊಡೆದವನು ಗುಡದಪ್ಪ. ಇವಳು ಇಷ್ಟು ವರ್ಷ ಒಂದು ಮಾತು ಆಡಿರಲಿಲ್ಲ, ಇವನು ಒಂದು ಮಾತು ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ಕೊಡಿಲ್ಲಿ ಕೈ," ಎಂದು ಬಟ್ಟಲನ್ನು ತನ್ನತ್ತ ಎಳೆದುಕೊಂಡ.

"ಅಯ್ಯ, ಯಾರರ ನೋಡ್ಯಾರ ಬಿಡ್ರಿ!"

ಬಿಡಲಿಲ್ಲ. ಅಂಗೈಗೆ ಎಣ್ಣೆ ಸುರಿದು ಒಂದೊಂದೇ ಬೆರಳನ್ನು ಬುಡದಿಂದ ಉಗುರಿನ ತನಕ ತಿಕ್ಕಿದ. ಮೊಮ್ಮಗನ ಮೂಗು ಯಾರ ಹಾಗಿದೆ ಎಂದು ಕೇಳಿದ. ಅಷ್ಟರಲ್ಲಿ ಚೌಡವ್ವ ಗೋಡೆಗೆ ಒರಗಿ, ಎರಡೂ ಕೈ ಅವನಿಗೆ ಕೊಟ್ಟು, ಊಟವನ್ನೂ ಮಾಡದೆ ನಿದ್ದೆ ಹೋಗಿದ್ದಳು.

ಗುಡದಪ್ಪನ ಅಂಗೈ ಮೊದಲು ಬೆಚ್ಚಗಾಯಿತು, ಆಮೇಲೆ ಉರಿಯತೊಡಗಿತು. ಅವಳು ಎಚ್ಚರಗೊಂಡಾಳೆಂದು ಅವನು ಕೈ ತೊಳೆಯಲು ಏಳದೆ ಹಾಗೆಯೇ ಕೂತ.