ಕೆಂಪಲ್ಲ, ಬರೀ ಹಳದಿ

ಮೂರು ವಾರದಿಂದ ಓಡೆಟ್‌ಗೆ ಊಟ ನಿದ್ದೆ ಎರಡೂ ನೆಟ್ಟಗಿರಲಿಲ್ಲ. ಬಿಡಿಭಾಗಗಳನ್ನು ತಾನೇ ಆರಿಸಿ ಮೊದಲ ಗೇಮಿಂಗ್ ಕಂಪ್ಯೂಟರ್ ಕಟ್ಟುತ್ತೇನೆಂದು ಹೊರಟಿದ್ದಳು ಹುಡುಗಿ. ಬರೀ ಆಟದ ಹುಚ್ಚಲ್ಲ. ಟೊರಾಂಟೊದ ಕಾಲೇಜೊಂದರ ಗೇಮಿಂಗ್ ತಂಡದಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು, ಸಿಕ್ಕವರಿಗೆ ಓದಿನ ಶುಲ್ಕ ಪೂರ್ತಿ ಮಾಫಿ. ಆಯ್ಕೆಯ ಆಟ ಭಾನುವಾರ ಬೆಳಿಗ್ಗೆ, ಆನ್‌ಲೈನಿನಲ್ಲಿ, ಇದ್ದಲ್ಲಿಂದಲೇ. ಇವಳ ಊರಾದ ಸಡ್ಬರಿಯಲ್ಲಿ ಕೊನೆಯ ಸುತ್ತಿಗೆ ಉಳಿದವರು ಇಬ್ಬರು: ಇವಳು, ಮತ್ತು ಪಕ್ಕದ ಬೀದಿಯ ನೀಮಿ. ಇಷ್ಟು ದಿನ ಇವಳು ಆಡಿದ್ದು ಅಕ್ಕನ ಕಂಪ್ಯೂಟರಿನಲ್ಲಿ. ಅಕ್ಕ ಬೇರೆ ಊರಿಗೆ ಹೋಗುವಾಗ ಅದನ್ನೂ ಹೊತ್ತುಕೊಂಡು ಹೋಗಿದ್ದಳು.

ಭಾಗಗಳ ಪಟ್ಟಿ ಮಾಡಲು ವೆಬ್‌ಸೈಟಿತ್ತು. ಒಂದಕ್ಕೊಂದು ಹೊಂದದಿದ್ದರೆ ಕೆಂಪು ಸಾಲು ಬೀಳುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ದೊಡ್ಡದು ಹಾಕಿದರೆ ಎಲ್ಲ ಕೂರಿಸುವ ಡಬ್ಬಿ ಚಿಕ್ಕದಾಯಿತು, ಡಬ್ಬಿ ಬದಲಿಸಿದರೆ ದುಡ್ಡು ಸಾಲದಾಯಿತು. ಅಂತೂ ಕೆಂಪೆಲ್ಲ ಹೋಗಿ ಹಳದಿ ಸಾಲೊಂದು ಉಳಿಯಿತು: ಈ ಮದರ್‌ಬೋರ್ಡಿನ ತಂತ್ರಾಂಶ ಹಳೆಯದಿರಬಹುದು. ಹಳದಿ ತಾನೇ, ಕೆಂಪಲ್ಲವಲ್ಲ ಎಂದುಕೊಂಡು ತಂದೇಬಿಟ್ಟಳು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ.

ಶನಿವಾರ ಮಧ್ಯಾಹ್ನ ಎಲ್ಲ ಜೋಡಿಸಿ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಕೂತಿತು. ಬೋರ್ಡಿಗೆ ಹೊಸ ಪ್ರೊಸೆಸರಿನ ಗುರುತೇ ಸಿಕ್ಕಿರಲಿಲ್ಲ. ಹಳೆಯ ಪ್ರೊಸೆಸರೊಂದನ್ನು ಕೂರಿಸಿ ತಂತ್ರಾಂಶವನ್ನು ಹೊಸದು ಮಾಡಬೇಕು. ಅಂಥದ್ದು ಅಂಗಡಿಗಳಲ್ಲಿ ಸಿಗುವುದು ನಿಂತು ವರ್ಷಗಳಾಗಿದ್ದವು, ಇದ್ದದ್ದು ನೀಮಿಯ ಹತ್ತಿರ. ಯಾರನ್ನು ಸೋಲಿಸಬೇಕೋ ಅವನ ಮುಂದೆಯೇ ಕೈಯೊಡ್ಡಬೇಕು! ಅರ್ಧ ಗಂಟೆ ಫೋನು ಹಿಡಿದು ಒದ್ದಾಡಿ, ನಾಚಿಕೆ ಬಿಟ್ಟು ಕರೆದಳು.

ನೀಮಿ ತನ್ನ ಕಂಪ್ಯೂಟರನ್ನು ಕಂಕುಳಲ್ಲಿ ಅವುಚಿಕೊಂಡು ಹಿಮ ತುಳಿದುಕೊಂಡು ಬಂದ. ಹಳದಿ ಸಾಲು ಓದೋಕೆ ಬರಲ್ವಾ ಎಂದು ರೇಗಿಸುತ್ತಲೇ ತನ್ನ ಪ್ರೊಸೆಸರ್ ಬಿಚ್ಚಿ ಇವಳ ಬೋರ್ಡಿಗೆ ಕೂರಿಸಿದ. ಪರದೆ ಬೆಳಗಿತು. ಹತ್ತು ನಿಮಿಷ ಇಬ್ಬರೂ ಕಾದರು, ಕೆಲಸ ಮುಗಿಯಿತು. ಅವನು ವೈರು ಕಿತ್ತು, ಪ್ರೊಸೆಸರಿಗೆ ಹಚ್ಚಿ ಕೈಗಂಟಿದ ಪೇಸ್ಟ್ ತೊಳೆಯಲು ಹೋದ. ತನ್ನ ಹೊಸದನ್ನು ಕೂರಿಸುವ ಆತುರ ಓಡೆಟ್‌ಗೆ ತಡೆಯಲಾಗಲಿಲ್ಲ. ಪ್ರೊಸೆಸರನ್ನು ತಂಪಾಗಿಡಲು ಅದರ ಮೇಲೆ ಕೂತ ಕೂಲರನ್ನು ಮೆಲ್ಲಗೆ ತಿರುಚಿ, ಸಡಿಲಿಸಿ ಎತ್ತಬೇಕು. ಇವಳು ನೆಟ್ಟಗೆ ಎಳೆದುಬಿಟ್ಟಳು. ನೀಮಿಯ ಪ್ರೊಸೆಸರ್ ಅದಕ್ಕೆ ಅಂಟಿಕೊಂಡೇ ಕಿತ್ತುಬಂತು. ಅದರಡಿಯ ಕೂದಲೆಳೆಯಂಥ ಪಿನ್ನುಗಳಲ್ಲಿ ಎರಡು ಮುರಿದು ಮೇಜಿನ ಮೇಲೆ ಬಿದ್ದಿದ್ದವು.

ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ ಎಂದುಕೊಂಡಳು. ಅದರ ಬೆನ್ನಿಗೇ, ಇನ್ನು ಇವನು ಆಡಲಾರ ಎಂಬ ಖುಷಿಯೂ ಹಾಯ್ದುಹೋಯಿತು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು ಅವಳಿಗೆ.

ನೀಮಿ ಬಂದು ನೋಡಿದ. ಬಯ್ದಿದ್ದರೆ ಚೆನ್ನಾಗಿತ್ತು, ಬಯ್ಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ಓಡೆಟ್ ತನ್ನ ಹೊಸ ಪ್ರೊಸೆಸರ್ ಕೂರಿಸಿ ಗುಂಡಿ ಒತ್ತಿದಳು. ಈ ಸಲ ಕಂಪ್ಯೂಟರ್ ತಕರಾರಿಲ್ಲದೆ ಎದ್ದಿತು.

"ನಾಳೆ ನಿನ್ನಾಟ ಎಷ್ಟೊತ್ತಿಗೆ?" ಎಂದಳು.

"ಹತ್ತಕ್ಕಿತ್ತು. ನಿಂದು ಹನ್ನೊಂದಕ್ಕಲ್ವಾ?"

"ಒಂಬತ್ತೂವರೆಗೇ ಬಾ. ಇದರಲ್ಲೇ ಆಡು."

ನೀಮಿ ತಲೆಯೆತ್ತಿದ. "ನಾನೇ ಗೆದ್ರೆ?"

"ಜನ್ಮಪೂರ್ತಿ ಬಯ್ತೀನಿ ಕಣೋ," ಎಂದಳು ಓಡೆಟ್. "ಆದ್ರೂ ಬಾ."